ದೊಡ್ಡವರ ಅಳತೆಯಲ್ಲಿ ಮಕ್ಕಳನ್ನು ಅಳೆಯಬೇಡಿ: ಬೊಜ್ಜು, ರಕ್ತನಾಳ ಮತ್ತು ಮನೆಯಲ್ಲಿ ಮಾಡಬೇಕಾದ ಕೆಲಸ

ನನ್ನ ಮಗನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಅವನ ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿತ್ತು. ಕೊಳೆ ಅಂದುಕೊಂಡು ಅತ್ತೆಯವರು ಪ್ರತಿ ಭಾನುವಾರ ಎಣ್ಣೆ ಹಚ್ಚಿ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದರು. ಅವನು ಉರಿ ಉರಿ ಅಂತ ಕೂಗುತ್ತಿದ್ದ. ಕಪ್ಪು ಹೋಗಲೇ ಇಲ್ಲ. ಮೈಯಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುತ್ತಿಲ್ಲ ಅನ್ನುವುದಕ್ಕೆ ಚರ್ಮ ಕೊಡುವ ಗುರುತು ಅದು ಅಂತ ನಮಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ಅದಕ್ಕೂ ಮೊದಲು ಬಡಾವಣೆಯ ಒಂದು ಕ್ಲಿನಿಕ್‌ಗೆ ಹೋಗಿದ್ದೆವು. ಎತ್ತರ 140 ಸೆಂ.ಮೀ., ತೂಕ 45 ಕೆ.ಜಿ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಸುಮಾರು 23. ‘ನಾರ್ಮಲ್ ಇದ್ದಾನೆ, ಹೈಟ್ ಬಂದರೆ ಇಳಿಯುತ್ತೆ’ ಅಂದರು. ನೆಮ್ಮದಿಯಿಂದ ಮನೆಗೆ ಬಂದು ಎಂಟು ತಿಂಗಳು ಸುಮ್ಮನೆ ಕೂತೆವು. 23 ಅನ್ನುವುದು ದೊಡ್ಡವರಿಗೆ ಗಡಿರೇಖೆ. ಹತ್ತು ವರ್ಷದ ಹುಡುಗನಿಗೆ ಅದು ಬೊಜ್ಜಿನ ಗೆರೆ ದಾಟಿದ ಲೆಕ್ಕ. ಆ ಎಂಟು ತಿಂಗಳು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇನ್ನೊಂದು ಮನೆಯಲ್ಲಿ ಹಾಗಾಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ತಾಯಿ. ಮಕ್ಕಳ ಡಾಕ್ಟರ ಹತ್ತಿರ ಕೇಳಿ ತಿಳಿದದ್ದು, ನಮ್ಮ ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ.

ಇಷ್ಟು ಬೇಗ ರಕ್ತನಾಳದ ಮಾತೇಕೆ

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜನ ಎದೆ ಪರೀಕ್ಷೆಗೆ ಜಯದೇವ ಆಸ್ಪತ್ರೆಯಲ್ಲಿ ಕ್ಯೂ ನಿಂತರು. ನನ್ನ ಗಂಡನೂ ನಿಂತಿದ್ದರು. ಮಗನ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ. ಹೃದಯದ ಕಾಯಿಲೆ ದೊಡ್ಡವರದ್ದು ಅಂತಲೇ ನಂಬಿದ್ದೆವು.

ಆದರೆ ಈ ಕಾಯಿಲೆಯ ಶುರು ಚಿಕ್ಕಂದಿನಲ್ಲಿ. 1953ರಲ್ಲಿ ಅಮೆರಿಕದ ವೈದ್ಯರು ಕೊರಿಯಾ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯ ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಇತ್ತು. ಆಮೇಲೆ 1973ರಲ್ಲಿ ಲೂಸಿಯಾನಾದ ಬೊಗಲೂಸಾ ಅನ್ನುವ ಊರಿನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನ ಶುರುವಾಯಿತು. ಅಪಘಾತದಂಥ ಕಾರಣಕ್ಕೆ ತೀರಿಕೊಂಡ ಮಕ್ಕಳ, ಯುವಕರ ರಕ್ತನಾಳಗಳನ್ನು ನೋಡಿದಾಗ ಒಳಗೋಡೆಯಲ್ಲಿ ಕೊಬ್ಬಿನ ಹಳದಿ ಗೆರೆಗಳು ಕಂಡವು. ತೂಕ, ಬಿಪಿ, ಕೊಲೆಸ್ಟ್ರಾಲ್ ಇವೆಲ್ಲ ಒಟ್ಟಿಗೆ ಜಾಸ್ತಿ ಇದ್ದವರಲ್ಲಿ ಗೆರೆಗಳೂ ಜಾಸ್ತಿ.

ಆಗುವುದು ಹೀಗೆ. ಹೊಟ್ಟೆಯ ಒಳಗೆ ಕೊಬ್ಬು ಸೇರಿದಾಗ ಇನ್ಸುಲಿನ್ ಕೆಲಸ ಕುಂಠಿತವಾಗುತ್ತದೆ. ಲಿವರ್ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬನ್ನು ಜಾಸ್ತಿ ರಕ್ತಕ್ಕೆ ಬಿಡುತ್ತದೆ. ಎಚ್‌ಡಿಎಲ್ ಅನ್ನುವ ಒಳ್ಳೆ ಕೊಲೆಸ್ಟ್ರಾಲ್ ಕಡಿಮೆಯಾಗುತ್ತದೆ. ಬಿಪಿ ಏರುತ್ತದೆ. ರಕ್ತನಾಳದ ಒಳಪದರ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಆ ಪದರದೊಳಗೆ ನುಗ್ಗಿ ಕೂರುತ್ತದೆ. ಮಗುವಿಗೆ ನೋವಿಲ್ಲ, ಏನೂ ಇಲ್ಲ. ಶಾಲೆಗೆ ಹೋಗುತ್ತದೆ, ಆಡುತ್ತದೆ.

ನಮ್ಮವರಿಗೆ ಇನ್ನೊಂದು ತೊಂದರೆ ಇದೆ. ಅದೇ ತೂಕದ ಯುರೋಪಿನವರಿಗಿಂತ ಭಾರತೀಯರ ಮೈಯಲ್ಲಿ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮುಂದೆ ಬಂದ ಮಗುವನ್ನು ನೋಡಿ ‘ಇವನೆಲ್ಲಿ ದಪ್ಪ’ ಅನ್ನಬೇಡಿ.

ಇಷ್ಟೆಲ್ಲ ಹೆದರಿಕೆಯ ಜೊತೆಗೆ ನನಗೆ ಧೈರ್ಯ ಕೊಟ್ಟ ಒಂದು ವಿಷಯ ಹೇಳಲೇಬೇಕು. ನಾಲ್ಕು ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ 6,000ಕ್ಕೂ ಜಾಸ್ತಿ ಮಂದಿಯ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಚಿಕ್ಕಂದಿನಲ್ಲಿ ತೂಕ ಜಾಸ್ತಿ ಇದ್ದು, ದೊಡ್ಡವರಾಗುವ ಹೊತ್ತಿಗೆ ಬೊಜ್ಜಿಲ್ಲದೆ ಬೆಳೆದವರಿಗೆ ಸಕ್ಕರೆ ಕಾಯಿಲೆ, ಬಿಪಿ, ಕುತ್ತಿಗೆಯ ರಕ್ತನಾಳ ದಪ್ಪಗಾಗುವ ಅಪಾಯ ಎಂದೂ ದಪ್ಪ ಇಲ್ಲದವರಷ್ಟೇ ಇತ್ತು. ಅಂದರೆ ಹತ್ತು ವರ್ಷದ ಮಗುವಿಗೆ ಇನ್ನೂ ಟೈಮ್ ಇದೆ.

ಹೆಜ್ಜೆ 1: ಎತ್ತರ, ತೂಕ, ಚಾರ್ಟ್

ಚಪ್ಪಲಿ, ಶೂ ಬಿಡಿಸಿ ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಲಿ, ನೋಟ ನೇರವಾಗಿರಲಿ. ತಲೆ ಮೇಲೆ ದಪ್ಪ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗುರುತು ಹಾಕಿ. ತೂಕವನ್ನು ಬೆಳಿಗ್ಗೆ, ತಿಂಡಿಗೆ ಮೊದಲು, ಹಗುರ ಬಟ್ಟೆಯಲ್ಲಿ ನೋಡಿ. ಕೆ.ಜಿ.ಯನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. 45 ಅನ್ನು 1.40ರಿಂದ ಎರಡು ಸಲ ಭಾಗಿಸಿ, 22.96 ಬರುತ್ತದೆ.

ಈ ಸಂಖ್ಯೆಯನ್ನು ಹಾಗೇ ನಂಬಬೇಡಿ. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ 5ರಿಂದ 18 ವರ್ಷದವರಿಗೆ ಬೆಳವಣಿಗೆಯ ಚಾರ್ಟ್ ಕೊಟ್ಟಿದೆ. ಗಂಡುಮಕ್ಕಳಿಗೆ ಒಂದು, ಹೆಣ್ಣುಮಕ್ಕಳಿಗೆ ಒಂದು. ಅದರಲ್ಲಿ ಎರಡು ಗೆರೆಗಳನ್ನು ನೋಡಬೇಕು. ದೊಡ್ಡವರ 23ಕ್ಕೆ ಸಮನಾದ ಗೆರೆ ದಾಟಿದರೆ ತೂಕ ಜಾಸ್ತಿ. 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು. ವಯಸ್ಸಿನ ಎದುರು ಮಗುವಿನ ಬಿಎಂಐಗೆ ಒಂದು ಚುಕ್ಕೆ ಇಡಿ. ಲಸಿಕೆ ಪುಸ್ತಕದಲ್ಲಿ ಹಳೆಯ ತೂಕಗಳು ಇದ್ದೇ ಇರುತ್ತವೆ, ಅವನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಒಂದು ಚುಕ್ಕೆಗಿಂತ ಗೆರೆ ಯಾವ ವರ್ಷದಿಂದ ಮೇಲಕ್ಕೆ ತಿರುಗಿದೆ ಅನ್ನುವುದು ಜಾಸ್ತಿ ಹೇಳುತ್ತದೆ. ನಮ್ಮ ಮಗನದ್ದು ಏಳನೇ ವರ್ಷಕ್ಕೆ ತಿರುಗಿತ್ತು. ಲಾಕ್‌ಡೌನ್, ಮನೆಯೊಳಗಿನ ಆಟ, ಆನ್‌ಲೈನ್ ಕ್ಲಾಸು.

ಹೆಜ್ಜೆ 2: ಟೈಲರ್ ಟೇಪು

ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ. ಮಗು ಉಸಿರು ಬಿಟ್ಟಾಗ ಓದಿ. ಈ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 140 ಸೆಂ.ಮೀ. ಮಗುವಿಗೆ 70ರ ಒಳಗೆ. ಆರು ವರ್ಷ ದಾಟಿದ ಮಕ್ಕಳಿಗೆ, ಅಪ್ಪ ಅಮ್ಮನಿಗೆ, ಎಲ್ಲರಿಗೂ ಇದೇ ಲೆಕ್ಕ. ಒಂದೇ ದಿನ ಮನೆಯವರೆಲ್ಲ ಅಳೆದುಕೊಳ್ಳಿ. ಮಗುವನ್ನು ಮಾತ್ರ ಕರೆದು ನಿಲ್ಲಿಸಿ ಅಳೆಯಬೇಡಿ.

ಹೆಜ್ಜೆ 3: ಮೈ ಹೇಳುವುದನ್ನು ನೋಡಿ

ಕುತ್ತಿಗೆ, ಕಂಕುಳಲ್ಲಿ ವೆಲ್ವೆಟ್ ಹಾಗೆ ದಪ್ಪಗಾದ ಕಪ್ಪು. ಉಜ್ಜಬೇಡಿ, ಫೇರ್‌ನೆಸ್ ಕ್ರೀಮ್ ಹಚ್ಚಬೇಡಿ. ರಾತ್ರಿ ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು, ಹಗಲು ಕ್ಲಾಸಿನಲ್ಲಿ ತೂಕಡಿಕೆ. ಹುಡುಗಿಯರಲ್ಲಿ ಮುಟ್ಟು ಏರುಪೇರಾಗುವುದು. ಇವು ಕಂಡರೆ ಡಾಕ್ಟರಿಗೆ ಹೇಳಲೇಬೇಕು.

ಎಲ್ಲರೂ ಮೊದಲು ಕೇಳುವುದು ‘ಥೈರಾಯ್ಡ್ ಇರಬಹುದಾ’ ಅಂತ. ನಾನೂ ಕೇಳಿದೆ. ಮಗು ಎತ್ತರ ಚೆನ್ನಾಗಿ ಬೆಳೆಯುತ್ತಿದ್ದರೆ ಹಾರ್ಮೋನ್ ಕಾರಣ ತೀರಾ ಅಪರೂಪ. ತೂಕ ಏರುತ್ತಾ ಎತ್ತರ ನಿಂತುಬಿಟ್ಟಿದ್ದರೆ ಮಾತ್ರ ತಡ ಮಾಡದೆ ತೋರಿಸಿ.

ಆಮೇಲೆ ಒಂದು ಹಾಳೆಯಲ್ಲಿ ಎರಡೂ ಕಡೆಯ ವಂಶದ ಕತೆ ಬರೆಯಿರಿ. ತಾತ, ಅಜ್ಜಿ, ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ. ಗಂಡಸರಲ್ಲಿ 55ಕ್ಕೆ ಮೊದಲು, ಹೆಂಗಸರಲ್ಲಿ 65ಕ್ಕೆ ಮೊದಲು ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಸ್ಟೆಂಟ್, ಬೈಪಾಸ್ ಆಗಿದ್ದರೆ ಅಡಿಗೆರೆ ಹಾಕಿ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಏರಿರುವ ವಂಶವಾಹಿ ತೊಂದರೆ ಇರುತ್ತದೆ. ಅಂಥ ಮಗು ಸಣ್ಣಗೂ ಇರಬಹುದು. ಅದಕ್ಕೇ ಈ ಹಾಳೆ ತೂಕ ಸರಿಯಿರುವ ಮಗುವಿಗೂ ಬೇಕು. ಜಯದೇವದಲ್ಲಿ 40 ದಾಟದ ಹೃದ್ರೋಗಿಗಳ ಬಗ್ಗೆಯೇ ಪ್ರತ್ಯೇಕ ದಾಖಲಾತಿ ನಡೆಸುವಷ್ಟು ನಮ್ಮಲ್ಲಿ ಎಳೆ ವಯಸ್ಸಿನವರಿಗೆ ಈ ಕಾಯಿಲೆ ಬರುತ್ತಿದೆ. ಅವರ ಮನೆಯ ಮಕ್ಕಳನ್ನು ಮೊದಲು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 4: ಬಿಪಿ, ಸರಿಯಾದ ಪಟ್ಟಿಯಲ್ಲಿ

ಮೂರು ವರ್ಷದಿಂದಲೇ ವರ್ಷಕ್ಕೊಮ್ಮೆ ಮಕ್ಕಳ ಬಿಪಿ ನೋಡಬೇಕು. ತೂಕ ಜಾಸ್ತಿ ಇದ್ದರೆ ಪ್ರತಿ ಭೇಟಿಯಲ್ಲೂ. ನೀವೇ ಬಾಯಿಬಿಟ್ಟು ಕೇಳಿ. ತೋಳಿಗೆ ಸುತ್ತುವ ಪಟ್ಟಿ ಮಗುವಿನ ತೋಳಿಗೆ ಹೊಂದಬೇಕು. ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ, ದೊಡ್ಡದಾದರೆ ಸುಳ್ಳೇ ಕಡಿಮೆ. ದಪ್ಪ ತೋಳಿನ ಮಗುವಿಗೆ ದೊಡ್ಡವರ ಪಟ್ಟಿಯೇ ಬೇಕಾಗಬಹುದು. ಐದು ನಿಮಿಷ ಕೂರಿಸಿ, ಕಾಲು ನೆಲಕ್ಕೆ ತಾಗಿಸಿ, ಬಲಗೈಯಲ್ಲಿ ನೋಡಬೇಕು. 13 ದಾಟಿದವರಿಗೆ 120/80ರ ಒಳಗಿರಬೇಕು. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಎತ್ತರ ಸೇರಿಸಿದ ಬೇರೆ ಕೋಷ್ಟಕವಿದೆ, ಮಿತಿ ಇನ್ನೂ ಕೆಳಗೆ. ಒಂದು ಸಲ ಜಾಸ್ತಿ ಬಂದರೆ ಗಾಬರಿ ಬೇಡ. ಮೂರು ಬೇರೆ ಬೇರೆ ದಿನ ನೋಡಿಯೇ ತೀರ್ಮಾನಿಸುತ್ತಾರೆ.

ಹೆಜ್ಜೆ 5: ರಕ್ತಪರೀಕ್ಷೆಯ ರಿಪೋರ್ಟ್ ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೊಲೆಸ್ಟ್ರಾಲ್ ಪರೀಕ್ಷೆಯನ್ನು 9ರಿಂದ 11 ವರ್ಷದ ನಡುವೆ ಒಮ್ಮೆ ಎಲ್ಲ ಮಕ್ಕಳಿಗೂ ಮಾಡಿಸಬೇಕು ಅಂತ ಅಮೆರಿಕದ ತಜ್ಞರ ಸಲಹೆ ಇದೆ. ಬೊಜ್ಜು ಇದ್ದರೆ, ವಂಶದಲ್ಲಿ ಹೃದಯದ ಕಾಯಿಲೆ ಇದ್ದರೆ ಇನ್ನೂ ಬೇಗ. ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಸಕ್ಕರೆ ಅಥವಾ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಲಿವರ್‌ಗೆ ಎಸ್‌ಜಿಪಿಟಿ.

ನನ್ನ ಮಗನ ಟ್ರೈಗ್ಲಿಸರೈಡ್ 148 ಬಂತು. ಲ್ಯಾಬಿನವರ ಕಾಗದದಲ್ಲಿ ಪಕ್ಕಕ್ಕೆ ‘150ಕ್ಕಿಂತ ಕಡಿಮೆ ಸಾಮಾನ್ಯ’ ಅಂತ ಅಚ್ಚಾಗಿತ್ತು. ಮತ್ತೆ ಅದೇ ದೊಡ್ಡವರ ಅಳತೆ! 10ರಿಂದ 19 ವರ್ಷದವರಿಗೆ 90ರ ಒಳಗಿದ್ದರೆ ಒಳ್ಳೆಯದು, 130 ದಾಟಿದರೆ ಜಾಸ್ತಿ. ಹತ್ತರೊಳಗಿನವರಿಗೆ 75ರ ಒಳಗೆ, 100 ದಾಟಿದರೆ ಜಾಸ್ತಿ. ಮಕ್ಕಳ ಒಟ್ಟು ಕೊಲೆಸ್ಟ್ರಾಲ್ 170ರ ಒಳಗಿರಬೇಕು, 200ರ ಒಳಗಲ್ಲ. ಎಲ್‌ಡಿಎಲ್ 110ರ ಒಳಗೆ, 130 ಆದರೆ ಜಾಸ್ತಿ. ಎಚ್‌ಡಿಎಲ್ 45ಕ್ಕಿಂತ ಮೇಲಿದ್ದರೆ ಚೆನ್ನ, 40ಕ್ಕಿಂತ ಕೆಳಗೆ ಕಡಿಮೆ. ಎಸ್‌ಜಿಪಿಟಿಗೆ ಲ್ಯಾಬಿನವರು 40 ಅಂತಲೋ 45 ಅಂತಲೋ ಹಾಕಿರುತ್ತಾರೆ. ಹುಡುಗರಿಗೆ 26, ಹುಡುಗಿಯರಿಗೆ 22 ದಾಟಿದರೆ ಲಿವರ್‌ನಲ್ಲಿ ಕೊಬ್ಬು ಇದೆಯಾ ಅಂತ ಕೇಳಿ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ರಿಪೋರ್ಟ್ ಮೊಬೈಲ್‌ಗೆ ಬಂದ ತಕ್ಷಣ ‘ಎಲ್ಲ ನಾರ್ಮಲ್’ ಅಂತ ಮುಚ್ಚಿಡಬೇಡಿ. ಮಕ್ಕಳ ಡಾಕ್ಟರಿಗೇ ತೋರಿಸಿ. ಖಾಸಗಿ ಆಸ್ಪತ್ರೆಯ ಖರ್ಚು ಕಷ್ಟ ಅನ್ನುವವರಿಗೆ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಮಾರ್ಕೆಟ್ ಹತ್ತಿರದ ವಾಣಿ ವಿಲಾಸ ಇದೆ. ಎರಡೂ ಸರ್ಕಾರದ್ದು.

ಹೆಜ್ಜೆ 6: ಅಡುಗೆಮನೆ

ಮೊದಲು ಲೋಟ, ಆಮೇಲೆ ತಟ್ಟೆ. ಕುಡಿಯುವ ಸಕ್ಕರೆ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ, ಫಲವೂ ಬೇಗ ಸಿಗುತ್ತದೆ. 300 ಮಿ.ಲೀ. ಕೋಲಾದಲ್ಲಿ ಸುಮಾರು ಎಂಟು ಟೀ ಚಮಚ ಸಕ್ಕರೆ ಇರುತ್ತದೆ. ಮಗುವಿಗೆ ಇಡೀ ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ, ಅಂದರೆ ಆರು ಚಮಚ ದಾಟಬಾರದು. ಪೊಟ್ಟಣದ ಜ್ಯೂಸು ಕೂಡ ಇದೇ ಸಾಲಿಗೆ ಸೇರುತ್ತದೆ. ಹಾಲಿಗೆ ಹಾಕುವ ಚಾಕೊಲೇಟ್ ಪುಡಿಯನ್ನು ನಾನು ವರ್ಷಗಟ್ಟಲೆ ಪ್ರೀತಿಯಿಂದ ಕೊಟ್ಟಿದ್ದೆ. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಅನ್ನುವ ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ನಾವು ಚಮಚ ಅರ್ಧ ಮಾಡಿದೆವು, ಆಮೇಲೆ ಕಾಲು ಮಾಡಿದೆವು, ಆರನೇ ವಾರಕ್ಕೆ ಬರೀ ಹಾಲು. ಬೆಲ್ಲ ಹಾಕಿದ ರಾಗಿ ಮಾಲ್ಟ್ ಒಳ್ಳೆಯದು ಅಂತ ಲೋಟಗಟ್ಟಲೆ ಕೊಡಬೇಡಿ, ಬೆಲ್ಲವೂ ಸಕ್ಕರೆಯೇ. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಗೆ ಈ ತಕರಾರಿಲ್ಲ.

ನಮ್ಮ ಬೆಂಗಳೂರಿನ ತಿಂಡಿ ನೋಡಿ. ಚಿತ್ರಾನ್ನ, ಪುಳಿಯೋಗರೆ, ವಾಂಗಿಬಾತ್, ಪೊಂಗಲ್, ದೋಸೆ. ಎಲ್ಲ ಅಕ್ಕಿ. ಅದೇ ಡಬ್ಬಿಗೆ, ಅದೇ ಮಧ್ಯಾಹ್ನಕ್ಕೆ, ರಾತ್ರಿ ಮತ್ತೆ ಅನ್ನ. ಅಕ್ಕಿ ಬಿಡಿ ಅಂತ ನಾನು ಹೇಳುವುದಿಲ್ಲ, ಯಾರೂ ಬಿಡುವುದಿಲ್ಲ. ಅಕ್ಕಿಯ ಜಾಗವನ್ನು ಕಾಳಿಗೆ, ಸೊಪ್ಪಿಗೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡಿ. ಹೆಸರುಕಾಳಿನ ದೋಸೆ, ಸಬ್ಬಸಿಗೆ ಹಾಕಿದ ರೊಟ್ಟಿ, ಇಡ್ಲಿ ಎರಡಕ್ಕೆ ತರಕಾರಿ ತುಂಬಿದ ಸಾಂಬಾರ್ ಒಂದು ಬಟ್ಟಲು. ತಟ್ಟೆಯ ಅರ್ಧ ಪಲ್ಯ, ಕೋಸಂಬರಿ. ಕಾಲು ಭಾಗ ಅನ್ನವೋ ಮುದ್ದೆಯೋ ಚಪಾತಿಯೋ. ಇನ್ನು ಕಾಲು ಭಾಗ ಕಾಳು, ಮೊಟ್ಟೆ, ಮೀನು. ನಮ್ಮ ಹಳೆ ಮೈಸೂರು ಕಡೆಯ ಬಸ್ಸಾರು, ಮಸೊಪ್ಪು, ಉಪ್ಸಾರು ಇದಕ್ಕೆಂದೇ ಹುಟ್ಟಿದ ಅಡುಗೆಗಳು. ಒಂದು ಮುದ್ದೆ, ಜೊತೆಗೆ ಬಸಿದ ಸೊಪ್ಪು ಕಾಳಿನ ಪಲ್ಯ. ಮಗು ಮುದ್ದೆ ನುಂಗಲ್ಲ ಅಂದರೆ ನಿಂಬೆಹಣ್ಣಿನ ಗಾತ್ರದ್ದು ಮಾಡಿ ಕೊಡಿ.

ಅತಿ ಅಪಾಯದ ಹೊತ್ತು ಸಂಜೆ ನಾಲ್ಕೂವರೆ. ಸ್ಕೂಲ್ ವ್ಯಾನ್ ಇಳಿದ ಮಗುವಿಗೆ ಹಸಿವು ಕೆಟ್ಟದಾಗಿರುತ್ತದೆ. ರಸ್ತೆ ಕೊನೆಯಲ್ಲಿ ಬೇಕರಿ. ಪಪ್ಸ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು. ಮೊಬೈಲ್ ಒತ್ತಿದರೆ ಚಿಪ್ಸ್ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ. ಆ ಹೊತ್ತಿಗೆ ಮೇಜಿನ ಮೇಲೆ ಏನಾದರೂ ರೆಡಿ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಕಡಲೆ ಉಸ್ಲಿ, ಬೇಯಿಸಿದ ಕಡಲೆಕಾಯಿ ಒಂದು ಹಿಡಿ, ಸೌತೆಕಾಯಿ ಜಾಸ್ತಿ ಹಾಕಿದ ಚುರುಮುರಿ, ಹಾಪ್‌ಕಾಮ್ಸ್‌ನಿಂದ ತಂದ ಸೀಬೆಹಣ್ಣು. ಅವರೆಕಾಯಿ ಕಾಲದಲ್ಲಿ ಬೇಯಿಸಿದ ಅವರೆಕಾಳಿಗಿಂತ ಇನ್ನೇನು ಬೇಕು? ನಾನು ಕೆಲಸಕ್ಕೆ ಹೋಗುವವಳು. ರಾತ್ರಿಯೇ ಕಾಳು ನೆನೆಹಾಕಿ, ಬೆಳಿಗ್ಗೆ ಕುಕ್ಕರ್ ಕೂಗಿಸಿ ಇಡುತ್ತೇನೆ. ಅತ್ತೆಯವರು ಸಂಜೆ ಒಗ್ಗರಣೆ ಹಾಕುತ್ತಾರೆ.

ಎಣ್ಣೆಗೆ ಒಂದು ಅಂದಾಜು: ತಲೆಗೆ ತಿಂಗಳಿಗೆ ಅರ್ಧ ಲೀಟರ್. ಕರಿದ ಎಣ್ಣೆಯಲ್ಲಿ ಮತ್ತೆ ಕರಿಯಬೇಡಿ. ಉಪ್ಪಿನಕಾಯಿ, ಹಪ್ಪಳ, ಇನ್‌ಸ್ಟಂಟ್ ನೂಡಲ್ಸ್‌ನ ಉಪ್ಪು ನೇರ ಬಿಪಿಗೆ ಹೋಗುತ್ತದೆ. ಯುಗಾದಿಗೆ ಹೋಳಿಗೆ ತಿನ್ನಲಿ. ಹಬ್ಬದ ಹೋಳಿಗೆ ಯಾರ ರಕ್ತನಾಳವನ್ನೂ ಕಟ್ಟುವುದಿಲ್ಲ. ದಿನಾ ಬರುವ ಬಿಸ್ಕತ್ತಿನ ಪೊಟ್ಟಣದ ಮೇಲೆ ಕಣ್ಣಿಡಿ.

ಶಾಲೆಯ ವಿಷಯ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಸಕ್ಕರೆ ಎಷ್ಟು ತಿನ್ನಬೇಕು ಅಂತ ತೋರಿಸುವ ‘ಶುಗರ್ ಬೋರ್ಡ್’ ಹಾಕಿ ಅಂತ ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಪೋಷಕರ ಸಭೆಯಲ್ಲಿ ಇವೆರಡನ್ನೂ ಎತ್ತಿ. ಒಬ್ಬರೇ ಹೇಳಿದರೆ ಕೇಳುವುದಿಲ್ಲ, ನಾಲ್ಕು ಮಂದಿ ಸೇರಿ ಹೇಳಿ.

ಹೆಜ್ಜೆ 7: ದಿನಕ್ಕೆ ಒಂದು ಗಂಟೆ ಬೆವರು

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರು. ರಕ್ತನಾಳದ ಒಳಪದರ ತನ್ನ ಹಿಗ್ಗುವ ಗುಣವನ್ನು ವಾಪಸ್ ಪಡೆಯುವುದು ಹೀಗೆ. ತೂಕ ಅಷ್ಟಾಗಿ ಇಳಿಯದಿದ್ದರೂ ಇದರ ಲಾಭ ಸಿಗುತ್ತದೆ.

ಬೆಂಗಳೂರಿನಲ್ಲಿ ಜಾಗ ಎಲ್ಲಿದೆ ಅಂತ ಕೇಳುವುದು ನ್ಯಾಯವೇ. ಟ್ಯೂಷನ್ ಬೇರೆ, ಟ್ರಾಫಿಕ್ ಬೇರೆ. ನಾವು ಗಂಟೆಯನ್ನು ಮೂರು ತುಂಡು ಮಾಡಿದೆವು. ಬೆಳಿಗ್ಗೆ 15 ನಿಮಿಷ ಸ್ಕಿಪ್ಪಿಂಗ್, ಸಂಜೆ 30 ನಿಮಿಷ ಕೆಳಗಿನ ಮನೆ ಮಕ್ಕಳ ಜೊತೆ ಲಗೋರಿ ಇಲ್ಲ ಕ್ರಿಕೆಟ್, ಊಟವಾದ ಮೇಲೆ ಅಪ್ಪನ ಜೊತೆ 15 ನಿಮಿಷ ಬಿರುಸು ನಡಿಗೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ, ಸೈಕಲ್ ಓಡಿಸಲು ಅದೇ ಒಳ್ಳೆ ಜಾಗ. ಲಾಲ್‌ಬಾಗ್ ಬಂಡೆಯನ್ನು ಎರಡು ಸಲ ಹತ್ತಿ ಇಳಿಯಿರಿ, ನಿಮಗೂ ಬೆವರು ಬರುತ್ತದೆ. ದಪ್ಪ ಮಗು ಓಟದಲ್ಲಿ ಹಿಂದೆ ಬಿದ್ದು ನಾಚಿಕೊಂಡರೆ ಓಟ ಬಿಡಿ, ಈಜು, ಸೈಕಲ್, ಕುಣಿತ ಯಾವುದಾದರೂ ಆಗಲಿ. ತೂಕ ಹೊರುವುದರಲ್ಲಿ, ಹಗ್ಗ ಎಳೆಯುವುದರಲ್ಲಿ ಅಂಥ ಮಕ್ಕಳೇ ಗಟ್ಟಿಗರು.

ಹೆಜ್ಜೆ 8: ನಿದ್ದೆ

12ರವರೆಗೆ 9ರಿಂದ 12 ಗಂಟೆ, ಆಮೇಲೆ 8ರಿಂದ 10 ಗಂಟೆ. ನಿದ್ದೆ ಕಡಿಮೆಯಾದರೆ ಹಸಿವು ಜಾಸ್ತಿ, ಬಾಯಿ ಸಿಹಿ ಕೇಳುತ್ತದೆ. ಮೊಬೈಲು, ಟಿವಿ ಊಟದ ಮೇಜಿನಿಂದಲೂ ಮಲಗುವ ಕೋಣೆಯಿಂದಲೂ ಹೊರಗಿರಲಿ. ನಮ್ಮ ಮೊಬೈಲೂ.

ಹೆಜ್ಜೆ 9: ನಾಲಿಗೆ

‘ಡುಮ್ಮ’, ‘ಗುಂಡ’ ಅನ್ನುವುದನ್ನು ಮನೆಯಲ್ಲಿ ನಿಲ್ಲಿಸಿ. ಮುದ್ದಿಗೆ ಕರೆದರೂ ಮಗುವಿಗೆ ಅದು ಮುದ್ದಾಗಿ ಕೇಳುವುದಿಲ್ಲ. ನನ್ನ ಮಗ ಆ ಹೆಸರಿಗೆ ನಕ್ಕು, ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದ. ಹಂಗಿಸಿದ ಮಗು ಕದ್ದು ತಿನ್ನುತ್ತದೆ. ತಂಗಿಗೆ ಐಸ್‌ಕ್ರೀಮ್, ಇವನಿಗೆ ಸೌತೆಕಾಯಿ ಅನ್ನುವ ಭೇದವೂ ಬೇಡ. ಮನೆಗೆ ಒಂದೇ ಅಡುಗೆ, ಒಂದೇ ನಿಯಮ. ಅಜ್ಜಿಯರ ಹತ್ತಿರ ಜಗಳ ಬೇಡ. ಅವರು ಕಂಡ ಕಾಲದಲ್ಲಿ ಮೈ ತುಂಬಿದ ಮಗು ಅಂದರೆ ಬದುಕಿ ಉಳಿಯುವ ಮಗು. ನಾನು ಅತ್ತೆಯವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕುತ್ತಿಗೆ ಕಪ್ಪಿನ ಕಾರಣ ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಮನೆ ಬದಲಾಗಿದ್ದು ಅಂದಿನಿಂದ.

ಹೆಜ್ಜೆ 10: ಗುರಿ ಮತ್ತು ಮರುಭೇಟಿ

ಬೆಳೆಯುವ ಮಗುವಿಗೆ ತೂಕ ಇಳಿಸುವ ಗುರಿ ಬೇಡ, ತೂಕ ಹಿಡಿದಿಟ್ಟರೆ ಬಹಳ ಸಲ ಸಾಕು. ಲೆಕ್ಕ ನೋಡಿ. ನನ್ನ ಮಗ ಒಂದು ವರ್ಷದಲ್ಲಿ 140ರಿಂದ 146 ಸೆಂ.ಮೀ. ಆದ, ತೂಕ 45ರಿಂದ 46 ಆಯಿತು. ಒಂದು ಗ್ರಾಂ ಇಳಿಯಲಿಲ್ಲ, ಆದರೂ ಬಿಎಂಐ 23ರಿಂದ 21.6ಕ್ಕೆ ಬಂತು. ತೀರಾ ಜಾಸ್ತಿ ಬೊಜ್ಜಿದ್ದರೆ, ಹದಿಹರೆಯ ದಾಟುತ್ತಿದ್ದರೆ ಇಳಿಸಬೇಕಾಗಬಹುದು. ಅದನ್ನು ಡಾಕ್ಟರ್ ಹೇಳಬೇಕು. ಉಪವಾಸ, ಕೀಟೋ, ಸ್ಲಿಮ್ಮಿಂಗ್ ಪುಡಿ ಮಕ್ಕಳಿಗೆ ಖಂಡಿತ ಬೇಡ.

ತೂಕ ದಿನಾ ನೋಡಬೇಡಿ, ತಿಂಗಳಿಗೊಮ್ಮೆ ಸಾಕು. ಮೂರು ತಿಂಗಳಿಗೊಮ್ಮೆ ಡಾಕ್ಟರ ಭೇಟಿ. ರಕ್ತಪರೀಕ್ಷೆ ಮತ್ತೆ ಯಾವಾಗ ಅಂತ ಅಲ್ಲೇ ಕೇಳಿ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಆರು ತಿಂಗಳು ಮನಸ್ಸಿಟ್ಟು ಮಾಡಿದರೂ ಎಲ್‌ಡಿಎಲ್ 190 ದಾಟಿದ್ದರೆ, ಅಥವಾ ವಂಶದಲ್ಲಿ ಬೇಗ ಹೃದಯದ ಕಾಯಿಲೆ ಬಂದಿದ್ದು 160 ದಾಟಿದ್ದರೆ, ಹತ್ತು ವರ್ಷದ ಮೇಲೆ ಮಾತ್ರೆಯ ಮಾತು ಬರುತ್ತದೆ. ಹೆದರಿ ಬಿಡಬೇಡಿ, ಕೂತು ಮಾತಾಡಿ. ಆಟವಾಡುವಾಗ ಎದೆ ನೋವು, ತಲೆ ಸುತ್ತಿ ಬೀಳುವುದು ಆದರೆ ಮರುಭೇಟಿಗೆ ಕಾಯದೆ ಅಂದೇ ಹೋಗಿ.

ನಮ್ಮ ಅಡುಗೆಮನೆ ಬಾಗಿಲಿನ ಚೌಕಟ್ಟಿನಲ್ಲಿ ಈಗ ಪೆನ್ಸಿಲ್ ಗುರುತುಗಳು ಸಾಲಾಗಿವೆ. ಗುರುತು ಹಾಕುವವರು ಅತ್ತೆಯವರೇ. ಮಗನ ಟ್ರೈಗ್ಲಿಸರೈಡ್ 104ಕ್ಕೆ ಬಂದಿದೆ. ಕುತ್ತಿಗೆಯ ಕಪ್ಪು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಮುಂದಿನ ಪರೀಕ್ಷೆ ದಸರಾ ರಜೆಯಲ್ಲಿ.